ಒಲೆ ಶಾಂತ ಆತು

ಈಗ ಡೇಕೇರಿಗೆ ಹೋಗುವ ನನ್ನ ಮಗಳು ಆಗ ಹೊಟ್ಟೆಯಲ್ಲಿ ಏಳು ತಿಂಗಳಿನವಳು. ಬಾಣಂತನಕ್ಕೆಂದು ಅವ್ವ ಗದಗಿನಿಂದ ಫ್ರೀಮಾಂಟಿಗೆ ಬಂದಿದ್ದಳು. ಇಲ್ಲಿ ಹಿಮ ಬೀಳುವುದಿಲ್ಲ ನಿಜ, ಆದರೆ ಡಿಸೆಂಬರಿನಲ್ಲಿ ಮನೆಯೊಳಗೇ ಕೂತು ನಡುಗುವ ಚಳಿ ಇರುತ್ತದೆ. ನಾವು ಆಗಷ್ಟೇ ಕೊಂಡ ಹಳೆಯ ಮನೆಯ ಹಾಲಿನಲ್ಲಿ ಒಂದು ಅಗ್ಗಿಷ್ಟಿಕೆ ಇತ್ತು. ಇಟ್ಟಿಗೆಯ ಗೂಡು, ಅದರೊಳಗೆ ಎಷ್ಟು ಉರಿದರೂ ಬೂದಿಯಾಗದ ಹುಸಿ ಕಟ್ಟಿಗೆ, ಅದರ ಸಂದಿಯಲ್ಲಿ ಗ್ಯಾಸಿನ ಉರಿ, ಮೇಲೆ ಸೂರು ದಾಟಿ ಹೋದ ಚಿಮಣಿ. ಗೋಡೆಯ ಸ್ವಿಚ್ಚು ಒತ್ತಿದರೆ ಬೆಂಕಿ. ಅವ್ವ ಮೊದಲ ದಿನವೇ ಅದರ ಮುಂದೆ ಚಾಪೆ ಹಾಸಿಕೊಂಡು, "ಈ ಮನ್ಯಾಗ ಇದ ನನ್ನ ಜಾಗಾ ನೋಡವಾ" ಎಂದಳು. ಅದಕ್ಕೆ ಒಲೆ ಎಂದೇ ಹೆಸರಿಟ್ಟಳು.

ಮಧ್ಯಾಹ್ನ ಆಫೀಸಿನಿಂದ ಫೋನು ಮಾಡುತ್ತಿದ್ದೆ.

"ಅವ್ವಾ, ಬೆಂಕಿ ಹಚ್ಚಿಕೊಂಡು ಕುಂತೀಯಿಲ್ಲೋ?"

"ಹಚ್ಚಿದ್ನಿ. ಶಾಂತ ಆತು."

ನಮ್ಮ ಕಡೆ ಹೆಂಗಸರು ಅಪಶಕುನವೆಂದು ದೀಪ ಆರಿತು ಎನ್ನುವುದಿಲ್ಲ, ಶಾಂತ ಆಯಿತು ಎನ್ನುತ್ತಾರೆ. ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತಾರೆ. ನಮ್ಮಲ್ಲಿ ಚಿಮಣಿ ಎಂದರೆ ಸೀಮೆಎಣ್ಣೆಯ ಬುಡ್ಡಿದೀಪ. ಕರೆಂಟಿಲ್ಲದಾಗ ಅದನ್ನು ಹಚ್ಚಿಕೊಂಡೇ ನಾನು ಎಸ್ಸೆಸ್ಸೆಲ್ಸಿ ಓದಿದ್ದು. ಪಕ್ಕದಲ್ಲಿ ಬ್ಲೌಸಿಗೆ ಹುಕ್ಕು ಹಚ್ಚುತ್ತ ಕೂತಿರುತ್ತಿದ್ದ ಅವ್ವ, "ಚಿಮಣಿ ಶಾಂತ ಮಾಡಿ ಮಲಕೊಳ್ಳವಾ" ಎನ್ನುತ್ತಿದ್ದಳು. ಹೀಗಾಗಿ ಅವಳ ಬಾಯಲ್ಲಿ ನಾವು ಆರಿಸಿದ್ದೂ ಶಾಂತವೇ, ತಾನಾಗಿ ಆರಿದ್ದೂ ಶಾಂತವೇ. ಗ್ಯಾಸು ಉಳಿಸಲು ಅವಳೇ ಗೂಡಿನ ಕೆಳಗಿನ ಗುಂಡಿ ತಿರುಗಿಸಿ ಆರಿಸುತ್ತಿದ್ದಾಳೆ ಎಂದುಕೊಂಡು ನಾನು ಬೈದೆ. ಅವಳು "ನೀ ಉಂಡೇನು?" ಎಂದು ಮಾತು ತಿರುಗಿಸಿದಳು. ಗ್ಯಾಸು ಪೂರ್ತಿ ಬಂದಾದರೆ ಬರೀ ಸ್ವಿಚ್ಚಿಗೆ ಹೊತ್ತುವುದಿಲ್ಲ; ಸಂಜೆ ಗಂಡ ಬಗ್ಗಿ, ಆ ಗುಂಡಿ ಹಿಡಿದು, ಒಲೆಯನ್ನು ಮತ್ತೆ ಹೊತ್ತಿಸುತ್ತಿದ್ದ. ಅಲ್ಲಿಯವರೆಗೆ ಅವ್ವ ಶಾಲು ಹೊದ್ದು ಕೂತಿರುತ್ತಿದ್ದಳು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಸುಲಭಕ್ಕೆ ಸಿಕ್ಕದ್ದಲ್ಲ ಅದು. ಮೆಕ್ಯಾನಿಕಲ್ ಓದಲು ಸೇರಿದಾಗ "ಹೆಣ್ಣಹುಡುಗಿ ಗ್ಯಾರೇಜಿಗೆ ಹೋಗಾಕಿ ಏನು?" ಎಂದು ನಕ್ಕ ನೆಂಟರಿದ್ದರು. ಕಂಪ್ಯೂಟರುಗಳನ್ನು ಸಾಲಾಗಿ ಜೋಡಿಸಿಟ್ಟ ದೊಡ್ಡ ಕೋಣೆಗಳಲ್ಲಿ ತಣ್ಣನೆಯ ಗಾಳಿ ಎಲ್ಲಿಂದ ಬರಬೇಕು, ಬಿಸಿಗಾಳಿ ಎಲ್ಲಿಂದ ಹೋಗಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಗ್ರೋಸರಿ ಅಂಗಡಿಯಲ್ಲಿ ಕನ್ನಡದವರು ಯಾರೇ ಸಿಗಲಿ, ಅವರು ಕೇಳದಿದ್ದರೂ ಅವ್ವ ಹೇಳುತ್ತಿದ್ದಳು: "ನನ್ನ ಮಗಳು ಗಾಳಿ ಇಂಜಿನಿಯರ್."

ಒಂದು ದಿನ ಸೊಂಟ ನೋವೆಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ಅಡಿಗೆಮನೆಯಲ್ಲಿ ಅವ್ವ ಒಗ್ಗರಣೆಗೆ ಇಟ್ಟಿದ್ದಳು. ಹಾಲಿನಲ್ಲಿ ಉರಿಯುತ್ತಿದ್ದ ಬೆಂಕಿ ಇದ್ದಕ್ಕಿದ್ದಂತೆ ನನ್ನ ಕಡೆ ಬಾಗಿತು, ಒಮ್ಮೆ ಭುಸ್ ಎಂದಿತು, ಆರಿಯೇಹೋಯಿತು. ಸ್ವಿಚ್ಚಿನ ಹತ್ತಿರ ಯಾರೂ ಇರಲಿಲ್ಲ. ಸೌಟು ಹಿಡಿದು ಹೊರಗೆ ಬಂದ ಅವ್ವ ನನ್ನನ್ನು ಕಂಡು ನಿಂತುಬಿಟ್ಟಳು.

"ಅವ್ವಾ, ಇದು ತಾನ ಆರೇತಿ!"

"ಹಂಗ ಅನಬ್ಯಾಡ!" ಎಂದು ಓಡಿಬಂದು ನನ್ನ ಬಾಯಿಗೆ ಕೈ ಇಟ್ಟಳು. ಕೈ ಇಂಗಿನ ವಾಸನೆ ಹೊಡೆಯುತ್ತಿತ್ತು.

"ದಿನಾ ಹಿಂಗ ಆಗತೈತೇನು?"

"ದಿನಾ ಅಂದ್ರ... ಆಗತೈತಿ."

"ಮತ್ತ ಹೇಳಬಾರದ?"

"ಹೆಂಗ ಹೇಳ್ಲಿ? ಹೊಸಾ ಮನಿ. ನೀ ಬಸರಿ ಇದ್ದಿ. ಉರಿಯೋ ಬೆಂಕಿ ತಾನ ತಾನ ಹೋಗತೈತಿ ಅಂತ ಯಾವ ಬಾಯಿಲೆ ಹೇಳ್ಲಿ?"

ಅದಕ್ಕೂ ಮುಂಚೆ ಒಮ್ಮೆ ನನಗೆ ಮೂರನೇ ತಿಂಗಳಲ್ಲಿ ಬಸಿರು ಹೋಗಿತ್ತು. ಆಗ ಅವ್ವನಿಗೆ ವೀಸಾ ಸಿಕ್ಕಿರಲಿಲ್ಲ, ಫೋನಿನಲ್ಲೇ ಅತ್ತಿದ್ದಳು. ಈ ಸಲ ಬಂದಾಗಿನಿಂದ ಬೆಂಕಿ ಆರಿದಾಗಲೆಲ್ಲ ಅವಳು ಹೆದರುತ್ತಿದ್ದದ್ದು ಚಳಿಗಲ್ಲ, ನನ್ನ ಮಗುವಿಗಾಗಿ ಎಂದು ಆಗ ತಿಳಿಯಿತು.

ನನಗೆ ಹುಟ್ಟಿದ ಭಯವೇ ಬೇರೆ. ಉರಿ ನನ್ನ ಕಡೆ ಬಾಗಿತ್ತು. ಅಂದರೆ ಚಿಮಣಿಯಲ್ಲಿ ಮೇಲೆ ಹೋಗಬೇಕಾದ ಗಾಳಿ ಕೆಳಗಿಳಿದು ಬರುತ್ತಿತ್ತು. ಬೆಂಕಿ ಆರಿದರೆ ಗ್ಯಾಸು ತಾನೇ ಬಂದಾಗುತ್ತದೆ, ಅದು ಸರಿ. ಆದರೆ ಆರುವ ಮುಂಚೆ ಸುಟ್ಟ ಗಾಳಿಯೆಲ್ಲ ಕೋಣೆಯೊಳಗೇ ಬಂದರೆ? ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ವಿಷ.

"ತಲಿ ನೋಯತೈತೇನು?"

"ಒಂದೀಟು. ಚಳಿಗೆ ಇರಬೇಕು."

ಬಾಗಿಲು ತೆರೆದೆ. ಒಲೆ ಮುಟ್ಟಬೇಡ ಎಂದೆ. ಅಗ್ಗಿಷ್ಟಿಕೆ ರಿಪೇರಿಯವರನ್ನು ಕರೆಸಿದೆವು. ಬಂದವರು ಮೀಟರು ಹಿಡಿದು ನೋಡಿದರು, ಮಾಡು ಹತ್ತಿ ಚಿಮಣಿ ನೋಡಿದರು. ಗ್ಯಾಸು ಸರಿಯಿತ್ತು, ಚಿಮಣಿಯೊಳಗೆ ಏನೂ ಸಿಕ್ಕಿಕೊಂಡಿರಲಿಲ್ಲ. ಪಕ್ಕದವರು ಹೊಸದಾಗಿ ಮಹಡಿ ಕಟ್ಟಿಸಿದ್ದರು. ಕೊಲ್ಲಿಯ ಕಡೆಯಿಂದ ಬರುವ ಗಾಳಿ ಅದಕ್ಕೆ ಬಡಿದು ನಮ್ಮ ಚಿಮಣಿಗೆ ಇಳಿಯುತ್ತಿರಬಹುದು ಎಂದು, ಮೇಲೆ ಒಂದು ಲೋಹದ ಟೋಪಿ ಕೂರಿಸಿ ಹೋದರು.

ಗಂಡ ಮೈಸೂರಿನವನು, ಸಮಾಧಾನದ ಮನುಷ್ಯ. "ಅತ್ತೆ, ಚಿಮಣಿಗೆ ಟೋಪಿ ಹಾಕ್ಸಿದೀವಿ. ಇನ್ನು ಯೋಚನೆ ಬಿಟ್ಬಿಡಿ" ಎಂದ.

"ಚಿಮಣಿಗೆ ಹಾಕ್ಯಾರೋ ನಿಮಗ ಹಾಕ್ಯಾರೋ, ನೋಡಿಕೊಳ್ರಿ" ಎಂದಳು ಅವ್ವ. ಅವಳು ಹಾಗೆ ತಮಾಷೆ ಮಾಡಿದ್ದು ನೋಡಿ ನಾನೂ ನಿರಾಳವಾದೆ.

ನನ್ನ ಭಯಕ್ಕೆ ಕಿಟಕಿಯೊಂದನ್ನು ತುಸು ತೆರೆದಿಟ್ಟ ಕೆಲವು ದಿನ ಒಲೆ ಚೆನ್ನಾಗಿಯೇ ಉರಿಯಿತು. ಆಮೇಲೆ ಒಂದು ಶನಿವಾರ, ಹೊರಗೆ ಒಂದೆಲೆ ಅಲ್ಲಾಡದ ಹೊತ್ತಿನಲ್ಲಿ, ಅಡಿಗೆ ನಡೆದಿರುವಾಗಲೇ ಮತ್ತೆ ಆರಿತು. ಈ ಸಲ ಅವ್ವ ತಮಾಷೆ ಮಾಡಲಿಲ್ಲ. ಚಾಪೆ ಸುತ್ತಿಕೊಂಡು ಒಳಗಿನ ಕೋಣೆಗೆ ನಡೆದಳು. "ನನಗ ಬೆಂಕಿ ಬ್ಯಾಡ. ಹಚ್ಚೂದ ಬ್ಯಾಡ. ಹಚ್ಚದಿದ್ರ ಹೋಗೂದೂ ಇಲ್ಲ" ಎಂದಳು. ಮನೆಯಲ್ಲಿ ಅವಳು ತನ್ನದೆಂದು ಕೇಳಿದ್ದು ಆ ಒಂದು ಜಾಗ. ಅದನ್ನೂ ಬಿಟ್ಟುಕೊಟ್ಟಳು. ಟೋಪಿಗೂ ಬಗ್ಗದ ಗಾಳಿ ಯಾವುದು ಎಂದು ತಲೆ ಕೆರೆದುಕೊಂಡೆ.

ಅಂದು ಸಂಜೆ, ಒಲೆ ಆರಿದ್ದಾಗಲೇ, ಅವ್ವ ಅದರ ಮೇಲಿನ ಹಲಗೆಯಲ್ಲಿಟ್ಟ ದೇವರ ಫೋಟೋಕ್ಕೆ ಊದುಬತ್ತಿ ಹಚ್ಚಿ ಮೆಣಸಿನಕಾಯಿ ಹುರಿಯಲು ಹೋದಳು. ಹೊಗೆ ದಾರದಂತೆ ನೆಟ್ಟಗೆ ಏಳುತ್ತಿತ್ತು. ಅಡಿಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನು ಬೊರ್ ಎಂದಿತು. ಹೊಗೆ ಮಲಗಿತು, ಮಲಗಿ ಅಡಿಗೆಮನೆಯ ಕಡೆ ಹರಿಯಿತು.

ನಾನು ಎದ್ದೆ. ಒಂದು ಕಡ್ಡಿ ಎತ್ತಿ ಗೂಡಿನ ಬಾಯಿಗೆ ಹಿಡಿದೆ. ಹೊಗೆ ಒಳಗೆ ಹೋಗಲಿಲ್ಲ, ನನ್ನ ಮುಖಕ್ಕೇ ಬಂತು. "ಅವ್ವಾ, ಫ್ಯಾನ್ ಬಂದ್ ಮಾಡು" ಎಂದು ಕೂಗಿದೆ. ಬಂದಾಯಿತು. ಹೊಗೆ ಮೆಲ್ಲಗೆ ಗೂಡಿನೊಳಗೆ ನುಗ್ಗಿ ಮೇಲೇರಿತು.

ಅವ್ವ ಬಂದು ನೋಡಿದಳು. "ಒಲಿಗೆ ಆರತಿ ಎತ್ತಾಕತ್ತಿಯೇನ ನನ್ನವ್ವಾ?"

ಮೊದಲ ವಾರ ಅವಳ ಒಗ್ಗರಣೆಗೆ ಹೊಗೆಯ ಅಲಾರಮ್ಮು ಕಿರುಚಿದಾಗ, ಫೈರ್ ಎಂಜಿನ್ ಬಂದೇಬಿಟ್ಟಿತು ಎಂದು ಅವಳು ಹೆದರಿದ್ದಳು. ಫ್ಯಾನು ಜೋರಾಗಿ ಹಾಕದೆ ಒಗ್ಗರಣೆ ಕೊಡಲೇಬೇಡ ಎಂದು ತಾಕೀತು ಮಾಡಿದವರು ನಾವೇ. ಅವಳು ಚಳಿಗೆಂದು, ನಾನು ತೆರೆದಿಟ್ಟದ್ದನ್ನೂ ಸೇರಿಸಿ, ಎಲ್ಲ ಕಿಟಕಿ ಮುಚ್ಚಿ, ಸಂದಿಗಳಿಗೆ ಹಳೆಯ ಸೀರೆಯ ತುಂಡು ತುರುಕಿದ್ದಳು. ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ತೆರೆದಿದ್ದ ದೊಡ್ಡ ದಾರಿ ಎಂದರೆ ಚಿಮಣಿ ಒಂದೇ.

ಇಷ್ಟನ್ನೂ ಅವ್ವನಿಗೆ ಹೇಳಿದೆ.

"ಹಂಗಾರ ಅದನ್ನ ಶಾಂತ ಮಾಡ್ತಿದ್ದದ್ದು ನನ್ನ ಒಗ್ಗರಣಿನ?"

"ಒಗ್ಗರಣಿ ಅಲ್ಲ, ಫ್ಯಾನು."

"ಮತ್ಯಾವದೂ ಅಲ್ಲ?"

"ಮತ್ಯಾವದೂ ಅಲ್ಲವ್ವಾ."

"ಇಲ್ಲಿ ಕೊಡು." ಕಡ್ಡಿಯನ್ನು ತಾನೇ ಗೂಡಿಗೆ ಹಿಡಿದಳು. "ಹಾಕು ಫ್ಯಾನು." ಹಾಕಿದೆ. "ತಗಿ." ತೆಗೆದೆ. "ಈಗ ಕಿಡಕಿ ತಗದು ಹಾಕು." ಕಿಟಕಿ ತೆರೆದು ಫ್ಯಾನು ಹಾಕಿದೆ. ಹೊಗೆ ಈ ಸಲ ಬಾಗಲಿಲ್ಲ, ಒಳಗೇ ಏರಿತು. ಬೂದಿ ಅಂಗೈ ಮೇಲೆ ಉದುರಿದ್ದೂ ಅವಳ ಗಮನಕ್ಕೆ ಬರಲಿಲ್ಲ. "ಇನ್ನೊಮ್ಮೆ" ಎಂದಳು. ನನ್ನ ಪರೀಕ್ಷೆಗಳಲ್ಲಿ ಯಾರೂ ಇಷ್ಟು ಕಟ್ಟುನಿಟ್ಟಾಗಿ ಕೂತಿರಲಿಲ್ಲ. ಕೊನೆಗೆ ಕಡ್ಡಿಯನ್ನು ದೇವರ ಮುಂದೆ ಮತ್ತೆ ಸಿಕ್ಕಿಸಿ, ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು. ಆಮೇಲೆ ಅಡಿಗೆಮನೆಯ ಕಿಟಕಿಯ ಸಂದಿಯಿಂದ ಸೀರೆಯ ತುಂಡು ಎಳೆದು ತೆಗೆದಳು.

ರಿಪೇರಿಯವರು ಮತ್ತೊಮ್ಮೆ ಬಂದು, ಕಿಟಕಿ ತೆರೆದು ಫ್ಯಾನು ಓಡಿಸಿ, ಮೀಟರು ನೋಡಿ ಸರಿ ಎಂದ ಮೇಲೆಯೇ ಒಲೆ ಹಚ್ಚಿದೆವು. ಚಾಪೆ ಮರಳಿ ಹಾಲಿಗೆ ಬಂತು.

ದೇವರ ದೀಪ ಅವಳ ಬಾಯಲ್ಲಿ ಈಗಲೂ ಶಾಂತವೇ ಆಗುತ್ತದೆ. ಆದರೆ ಅದರ ಮುಂದಿನ ವಾರ ಆಫೀಸಿನಿಂದ ಫೋನು ಮಾಡಿ ಎಂದಿನಂತೆ ಕೇಳಿದೆ:

"ಬೆಂಕಿ ಹಚ್ಚಿಕೊಂಡು ಕುಂತೀಯಿಲ್ಲೋ?"

"ಆರೇತಿ."

"ಏನಂದಿ?"

"ಆರೇತಿ ಅಂದ್ನೆವಾ. ಕಿಡಕಿ ತಗಿಯೂದು ಮರತು ಫ್ಯಾನು ಹಾಕಿಬಿಟ್ನಿ. ಈಗ ತಗದೀನಿ. ಸಂಜಿಗೆ ಅಳಿಯಂದ್ರು ಬಂದು ಹಚ್ಚತಾರ ತಗೋ. ನೀ ಉಂಡೇನು?"