ಗ್ಯೊಂಗ್ಜುವಿನ ಒಲೆಯ ಮೇಲೆ ಇಟ್ಟಿಗಿಯ ರೊಟ್ಟಿ

ಕೊರಿಯಾಕ್ಕೆ ಬಂದ ಮರುದಿನವೇ ನಾನು ಒಬ್ಬ ರಾಜನ ಹೊಟ್ಟೆಯ ಮೇಲೆ ಹತ್ತಿ ನಿಂತಿದ್ದೆ. ಊರ ನಡುವೆ ಹಸಿರು ಹುಲ್ಲಿನ ದುಂಡನೆಯ ಗುಡ್ಡ. ಕುರಿ ಕಾಯ್ದವರ ಮನೆಯ ಮಗಳು ಅಂಥದ್ದನ್ನು ಕಂಡು ಕೆಳಗೇ ನಿಲ್ಲುವುದುಂಟೇ? ಸರಸರನೆ ಏರಿದೆ. ಕೆಳಗಿನಿಂದ ಕಾವಲುಗಾರ ಪೀಪಿ ಊದತೊಡಗಿದ. ನನ್ನ ಗಂಡ ಕೊಟ್ರೇಶ ಮಾತ್ರ ನನ್ನ ಗುರುತೇ ಇಲ್ಲದವನಂತೆ ಬೇರೆ ಕಡೆ ನೋಡುತ್ತ ನಿಂತಿದ್ದ. ಅವು ಗುಡ್ಡಗಳಲ್ಲವಂತೆ, ಹಳೆಯ ಕಾಲದ ರಾಜರ ಸಮಾಧಿಗಳಂತೆ. ಅಷ್ಟು ಹುಲ್ಲಿದ್ದೂ ಒಂದೂ ಕುರಿಯಿಲ್ಲದ್ದು ನನಗೆ ಅದಕ್ಕಿಂತ ವಿಚಿತ್ರವೆನಿಸಿತು.

ಊರಿನ ಹೆಸರು ಗ್ಯೊಂಗ್ಜು. ಕೊಟ್ರೇಶನಿಗೆ ಇಲ್ಲಿ ಕಾರಿನ ಬಿಡಿಭಾಗದ ಕಾರ್ಖಾನೆಯಲ್ಲಿ ಕೆಲಸ. ನಮ್ಮದು ಒಂದೇ ಕೋಣೆಯ ಮನೆ. ಚಳಿಗಾಲದಲ್ಲಿ ನೆಲವೇ ಬೆಚ್ಚಗಾಗುತ್ತದೆ, ಅದಕ್ಕೆ ಒಂಡೋಲ್ ಅನ್ನುತ್ತಾರೆ. ನೆಲದ ಮೇಲೆ ಹಾಸಿಕೊಂಡು ಮಲಗುವ ನಮಗೆ ಅದು ಸ್ವರ್ಗ. ರಜೆಯ ದಿನ ಬೊಮುನ್ ಕೆರೆಗೆ ಹೋಗಿ ಹಂಸದ ಆಕಾರದ ಪೆಡಲ್ ದೋಣಿ ತುಳಿದೆವು. ಮೈಲಾರದ ಹೊಳೆಯಲ್ಲಿ ನಾವು ಹರಿಗೋಲು ಹತ್ತುವುದು ಆ ದಂಡೆ ಸೇರಲು. ಇಲ್ಲಿ ಬೆವರು ಸುರಿಸಿ ತುಳಿದು, ಹತ್ತಿದಲ್ಲೇ ಇಳಿಯುತ್ತಾರೆ. ನಗುತ್ತ ಮನೆಗೆ ಬಂದೆವು. ಆದರೆ ಅವನು ಕೆಲಸಕ್ಕೆ ಹೋದ ಮೇಲೆ ನನ್ನ ಹಗಲು ಕಳೆಯುತ್ತಿರಲಿಲ್ಲ. ಮಾತಾಡಲು ಗೋಡೆಯೊಂದೇ ಇತ್ತು.

ಕೆಲಸದ ಅನುಮತಿ ಸಿಕ್ಕೊಡನೆ ಸಮಾಧಿಗಳ ಪಕ್ಕದ ಒಂದು ಖಾನಾವಳಿ ಸೇರಿದೆ. ಅಲ್ಲಿ ಸಂಬಾಪ್ ಬಡಿಸುತ್ತಾರೆ. ಅಂದರೆ ಹಸಿ ಎಲೆಯಲ್ಲಿ ಅನ್ನ, ಪಲ್ಯ, ಸೋಯಾ ಕಾಳಿನ ಖಾರ ಇಟ್ಟು, ಸುತ್ತಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುವುದು. ಯಜಮಾನಿಯನ್ನು ಎಲ್ಲರೂ ಹಲ್ಮೊನಿ, ಎಂದರೆ ಅಜ್ಜಿ, ಎನ್ನುತ್ತಾರೆ. ರಾಜಧಾನಿಯವರು ಈ ಸೀಮೆಯ ಮಾತು ಒರಟು ಅನ್ನುತ್ತಾರೆ. ನನ್ನ ಕಿವಿಗೆ ಅದು ನಮ್ಮ ಹಡಗಲಿ ಕಡೆಯ ಮಾತಿನಂತೆಯೇ ಕೇಳುತ್ತದೆ, ಹಾಗೆಯೇ ಬರೆಯುತ್ತೇನೆ.

ನನಗೆ ಸಿಕ್ಕಿದ್ದು ಎಲೆ ತೊಳೆಯುವ ಕೆಲಸ. ನನಗೆ ಬೇಕಾಗಿದ್ದದ್ದು ಒಲೆ. ಹನ್ನೆರಡು ಜನರ ಮನೆಗೆ ರೊಟ್ಟಿ ಬಡಿದ ಕೈ ತಣ್ಣೀರಲ್ಲಿ ಜೋಮು ಹಿಡಿದಾಗ ಅಳು ಬರುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಿಮ್ಮ ಊರ ಕಡೀದು ಏನರ ಮಾಡಿ ತೋರ್ಸು. ನನ್ನ ಪಲ್ಯದ ಜೊತಿ ಹೊಂದಬೇಕು. ಉಂಡವರು ಇನ್ನೊಮ್ಮಿ ಕೇಳಿದ್ರ ಒಲಿ ನಿಂದು."

ಇಲ್ಲಿಯೂ ಜೋಳ ಉಂಟು, ಸೂಸು ಅನ್ನುತ್ತಾರೆ. ಅಂಗಡಿಯಿಂದ ಹಿಟ್ಟಿನ ಪ್ಯಾಕೆಟ್ ತಂದು, ಬಿಸಿನೀರು ಹಾಕಿ ನಾದಿ, ಬಡಿಯಲು ಕೂತೆ. ಹಿಟ್ಟು ಪಾಕದಂತೆ ಅಂಗೈಗೆ ಅಂಟಿಕೊಂಡಿತು. ಮರುದಿನವೂ ಅದೇ ಕಥೆ. "ಇದನ್ನ ನಾವು ಹೂರಣ ತುಂಬಿ ಬೇಯಿಸ್ತೀವಿ. ನೀನು ಹೊಡಿಯಾಕ ಹತ್ತೀಯಲ್ಲ" ಎಂದು ಅಜ್ಜಿ ನಕ್ಕಳು. ಹೊರಗೆ ಹೋಗಿ ನಮ್ಮೂರು ಇಟ್ಟಿಗಿಯಲ್ಲಿರುವ ಅವ್ವನಿಗೆ ಫೋನ್ ಹಚ್ಚಿದೆ.

"ಜ್ವಾಳ ಕಡದು ನೋಡಿ ತಂದಿಯೇನು?"

"ಇಲ್ಲಬೇ, ಪ್ಯಾಕೆಟ್ ಹಿಟ್ಟು."

"ಪ್ಯಾಕೆಟ್ ಹಿಟ್ಟು ತಂದು ರೊಟ್ಟಿ ಬಡಿಯಾಕ ಕುಂತೀಯಾ? ಬಾಯಾಗ ಹಲ್ಲು ಯಾತಕ್ಕ ಅದಾವ?"

ಇಲ್ಲೂ ಐದು ದಿನಕ್ಕೊಮ್ಮೆ ಸಂತೆ ಕೂಡುತ್ತದೆ. ಹೋದವಳೇ ಕಂಡ ಕಂಡ ರಾಶಿಯಿಂದ ಕಾಳು ತೆಗೆದು ಕಡಿಯತೊಡಗಿದೆ. ಒಬ್ಬಾಕೆ ಕೈ ಮೇಲೆ ಹೊಡೆದಳು, ಇನ್ನೊಬ್ಬ ಗದರಿದ. ನಮ್ಮಲ್ಲಿ ಕಡಿಯದೆ ಕೊಂಡರೆ ವ್ಯಾಪಾರ ಬಾರದವಳು ಅನ್ನುತ್ತಾರೆಂದು ಇವರಿಗೆ ಯಾರು ಹೇಳಬೇಕು? ಎಲ್ಲ ಕಾಳೂ ಮೇಣದ ಹಾಗೆ ಹಲ್ಲಿಗೆ ಹತ್ತಿದವು. ಕಡೆಗೆ ಮೂಲೆಯಲ್ಲಿ ಕೂತ ಮುದುಕನ ಚೀಲದ ಕಾಳು ಕಟಕ್ಕೆಂದು ಒಡೆಯಿತು. ಒಳಗೆ ಬೆಳ್ಳನೆಯ ಹಿಟ್ಟು. "ಇದರಾಗ ಜಿಗಿ ಇಲ್ಲ, ಯಾರೂ ಒಯ್ಯಂಗಿಲ್ಲ" ಎಂದ. ಚೀಲವನ್ನೇ ಎತ್ತಿಕೊಂಡು ಪಕ್ಕದ ಗಿರಣಿಗೆ ನಡೆದೆ.

ಮರುದಿನ ಮಧ್ಯಾಹ್ನ ಖಾನಾವಳಿಗೆ ಹೆಂಗಸರ ದೊಡ್ಡ ಗುಂಪೊಂದು ಬಂತು. ಬಂಡೆಗಳಲ್ಲಿ ಕಡೆದ ಬುದ್ಧರನ್ನು ನೋಡಲು ನಾಮ್ಸಾನ್ ಬೆಟ್ಟ ಹತ್ತಿ ಇಳಿದವರು, ಹಸಿದಿದ್ದರು. ನಾನು ಬಡಿಯಲು ಶುರು ಮಾಡಿದೆ. ತಪತಪ ಸದ್ದಿಗೆ ಒಬ್ಬೊಬ್ಬರೇ ಅಡುಗೆಮನೆಗೆ ಇಣುಕಿದರು. ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಅವರು ಅದನ್ನು ಹರಿದು, ಎಲೆ, ಬೆಳ್ಳುಳ್ಳಿ, ಖಾರ ಇಟ್ಟು ಸುತ್ತಿ ತಿಂದರು. ಆಮೇಲೆ ಒಬ್ಬಳು ಖಾಲಿ ತಟ್ಟೆ ಎತ್ತಿ ಹಿಡಿದಳು. ಅವಳ ಹಿಂದೆ ಉಳಿದವರೆಲ್ಲ ಹಿಡಿದರು.

ಅಜ್ಜಿ ಹೋಗಿ ಎಲೆಯ ಬುಟ್ಟಿಯ ಮುಂದೆ ತಾನೇ ಕೂತಳು. ಅಷ್ಟು ಸಾಕಿತ್ತು. ಮೈಯೆಲ್ಲ ಹಿಗ್ಗಿತು. ಬಾಗಿಲ ಹಲಗೆಯ ಮೇಲೆ 'ಭಾರತದ ರೊಟ್ಟಿ' ಎಂದು ಬರೆಯಲೇ ಎಂದಳು ಅಜ್ಜಿ. ಬೇಡ, 'ಇಟ್ಟಿಗಿ ರೊಟ್ಟಿ' ಎಂದು ಬರೆ ಎಂದೆ. ಬಳ್ಳಾರಿಯಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲದ ನಮ್ಮೂರಿನ ಹೆಸರು ರಾಜರ ಸಮಾಧಿಯ ಎದುರು ದಪ್ಪ ಅಕ್ಷರದಲ್ಲಿ ನಿಂತಿತು.

ಮೊನ್ನೆ ಅವ್ವನಿಗೆ ವಿಡಿಯೋದಲ್ಲಿ ಹಲಗೆ ತೋರಿಸಿದೆ. ಕಣ್ಣು ತುಂಬಿ ನೋಡಿದಳು. "ಊರಿಗೆ ಯಾವಾಗ ಬರ್ತಿ?" ಎಂದಳು. ಮುಂದಿನ ತಿಂಗಳು ಇಲ್ಲಿ ಚುಸೊಕ್ ಹಬ್ಬ. ಎಲ್ಲರೂ ತಂತಮ್ಮ ಊರಿಗೆ ಹೋಗಿ ಹಿರಿಯರಿಗೆ ಎಡೆ ಇಡುವ ಹಬ್ಬ.

"ಹಬ್ಬಕ್ಕ ಎಲ್ಲರೂ ಈ ಊರಿಗೆ ಬರ್ತಾರಬೇ. ಖಾನಾವಳಿ ತುಂಬಿರ್ತೈತಿ. ಒಲಿ ಬಿಟ್ಟು ಹೆಂಗ ಬರ್ಲಿ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಹೌದವಾ, ಒಲಿ ಬಿಟ್ಟು ಬರಾಕ ಆಗಂಗಿಲ್ಲ. ನಾನೂ ನನ್ನ ತವರಿಗೆ ಹಂಗಽ ಹೇಳ್ತಿದ್ದೆ" ಎಂದಳು.