ಹುಳುಮನೆಗೆ ಬಂದ ತೇವದ ಮಿಷನ್ನು

ನಮ್ಮ ಭಾವನಿಗೆ, ಎಂದರೆ ನನ್ನ ಗಂಡನ ಅಣ್ಣನಿಗೆ, ಗೊತ್ತಿಲ್ಲದ ವಿಷಯವೇ ಇಲ್ಲ. ಶಿವನಸಮುದ್ರದಲ್ಲಿ ಕರೆಂಟಿನ ಕೆಲಸ ಮಾಡಿ ರಿಟೈರ್ ಆದವರು. ಆ ಕೆಲಸವೆಂದರೆ ಬೆಳಿಗ್ಗೆ ಉಗ್ರಾಣದ ಬೀಗ ತೆಗೆಯುವುದು, ಸಂಜೆ ಹಾಕುವುದು. ಆದರೂ ಪೂರಿಗಾಲಿಯ ನಮ್ಮ ಮನೆಯಲ್ಲಿ ಬಲ್ಬು ಹೋದರೆ ಅವರು ಬಂದು ಗಂಟಲು ಸರಿಮಾಡಿಕೊಳ್ಳುವವರೆಗೆ ಯಾರೂ ಸ್ಟೂಲು ಹತ್ತುವಂತಿಲ್ಲ.

ಹಿಂದಿನ ಮಳೆಗಾಲದಲ್ಲಿ ನನ್ನ ರೇಷ್ಮೆ ಬೆಳೆ ಕೆಟ್ಟಿತ್ತು. ಹುಳು ಗೂಡು ಕಟ್ಟುವ ಹೊತ್ತಿಗೆ ಹುಳು ಸಾಕುವ ಮನೆಯೊಳಗೆ ತೇವ ಹೆಚ್ಚಾದರೆ ಗೂಡು ಮೆತ್ತಗಾಗುತ್ತದೆ, ನೂಲು ಬಿಚ್ಚುವುದಿಲ್ಲ. ಭಾವ ತೀರ್ಪು ಕೊಟ್ಟೇಬಿಟ್ಟರು: ಇನ್ನೊಂದು ಬೆಳೆ ಕೆಟ್ಟರೆ ಹಿಪ್ಪುನೇರಳೆ ಕಿತ್ತು ಕಬ್ಬು ಹಾಕುವುದು. "ಈವಮ್ಮನ ಕೈಗುಣ ಉಳಕ್ಕೆ ಆಗ್ಬರಾಕಿಲ್ಲ ಬುಡ್ಲಾ" ಎಂದು ನನ್ನೆದುರಿಗೇ ತಮ್ಮನಿಗೆ ಹೇಳಿದರು. ನನ್ನ ಗಂಡ ಉಗುರು ನೋಡಿಕೊಂಡು ಕೂತಿದ್ದ. ಈ ಮನೆಗೆ ಬಂದಾಗಿನಿಂದ ನನ್ನ ಮಾತು ನಡೆಯುವ ಜಾಗ ಆ ಹುಳುಮನೆಯೊಂದೇ. ಅದು ಹೋದರೆ ನಾನು ಬರೀ ಮುದ್ದೆ ತಿರುವುವವಳು.

ಈ ಸಲವೂ ಮಳೆ ಹಿಡಿಯಿತು. ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ, ಅಂದರೆ ಅವು ಗೂಡು ಕಟ್ಟುವ ಬಿದಿರು ತಟ್ಟೆಗೆ, ಬಿಡುತ್ತಿದ್ದೆ. ಅಷ್ಟರಲ್ಲಿ ಭಾವ ಮಂಡ್ಯದಿಂದ ಗೂಡ್ಸ್ ಆಟೋದಲ್ಲಿ ಒಂದು ಡಿಹ್ಯೂಮಿಡಿಫೈಯರ್ ತಂದಿಳಿಸಿದರು. ಯಾವುದೋ ಗೋಡೌನಿನವರು ಬಳಸಿ ಬಿಟ್ಟದ್ದು. ಹೆಸರು ನಾಲಿಗೆಗೆ ಹೊರಳದೆ "ತೇವದ ಮಿಷನ್ನು ಕಣಮ್ಮ" ಎಂದರು.

ಯಂತ್ರದ ಮೇಲೆ ನನಗೇನೂ ಸಿಟ್ಟಿಲ್ಲ. ಅದರ ಕೆಲಸ ಸರಳ. ಫ್ಯಾನು ಕೋಣೆಯ ಗಾಳಿಯನ್ನು ಒಳಗೆಳೆದು ತಣ್ಣಗಿನ ಕೊಳವೆಗಳ ಮೇಲೆ ಹಾಯಿಸುತ್ತದೆ. ಐಸ್ ನೀರಿನ ಲೋಟ ಹೊರಗಡೆ ಬೆವರುವ ಹಾಗೆ ಗಾಳಿಯ ತೇವ ಅಲ್ಲಿ ಹನಿಯಾಗಿ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಒಣಗಿದ ಗಾಳಿ ಆಚೆ ಬರುತ್ತದೆ. ಇಷ್ಟು ತಿಳಿಯುವುದಕ್ಕೆ ಶಿವನಸಮುದ್ರಕ್ಕೆ ಹೋಗಬೇಕಿಲ್ಲ.

ನಮ್ಮ ಮಹಾನುಭಾವರು ಮಾಡಿದ್ದೇನು ಗೊತ್ತೆ? ಯಂತ್ರವನ್ನು ಗೋಡೆಗೆ ಒತ್ತಿ ಇಟ್ಟರು, ಗಾಳಿ ಎಳೆದುಕೊಳ್ಳಲು ಸಂದೇ ಇಲ್ಲ. ಹಳೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎರಡೇ ತೂತು. ಪ್ಲಗ್ಗಿನ ಮೂರನೇ ಪಿನ್ನನ್ನು ಇಕ್ಕಳದಲ್ಲಿ ಮುರಿದರು. "ಅದು ಸುಮ್ನೆ ಸೋಕಿಗೆ ಮಡಗಿರ್ತರೆ." ಆಮೇಲೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿದರು! ಮರಿಹುಳುವಿಗೆ ತೇವ ಬೇಕೆಂದು ಬೇಸಿಗೆಯಲ್ಲಿ ನಮ್ಮ ಕಡೆ ಗೋಣಿತಾಟು ನೆನೆಸಿ ಕಟ್ಟುವುದುಂಟು. ಅವರಮ್ಮ ಕಟ್ಟುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದರಂತೆ. ಯಾವ ಹುಳಕ್ಕೆ, ಯಾವಾಗ, ಯಾಕೆ ಎಂದು ಮಾತ್ರ ಕೇಳಿರಲಿಲ್ಲ.

"ಭಾವ, ಒಂದು ಕಡೆ ತೇವ ತೆಗೀತಾ ಇನ್ನೊಂದು ಕಡೆ ತುಂಬಿದ್ರೆ ಹೆಂಗೆ?" ಎಂದೆ.

"ನಿಂಗೇನ್ ಗೊತ್ತಾಯ್ತದೆ ಓಗಮ್ಮ. ಉಳದ್ ಮನೆ ಅಂದ್ಮೇಲೆ ಗೋಣಿತಾಟು ಇರ್ಬೇಕು."

ತೊಟ್ಟಿ ತುಂಬಿದಾಗೆಲ್ಲ ಹಿಗ್ಗೋ ಹಿಗ್ಗು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸಿ, ಅದೇ ನೀರನ್ನು ತಿರುಗಿ ಗೋಣಿತಾಟಿಗೆ ಚಿಮುಕಿಸುತ್ತಿದ್ದರು. ಅಯ್ಯೋ ಶಿವನೇ! ಯಂತ್ರಕ್ಕೂ ಸುಸ್ತು, ನಮಗೂ ಸುಸ್ತು, ಸುಸ್ತಾಗದೆ ಉಳಿದವರು ಅವರೊಬ್ಬರೇ. ಹುಳುಗಳು ನೂಲು ಬಿಡದೆ ತಲೆ ಎತ್ತಿ ತೂಗುತ್ತಿದ್ದವು.

ಭಾವ ಮದ್ದೂರಿಗೆ ಬೀಗರೂಟಕ್ಕೆ ಹೊರಟಿದ್ದೇ ನಮ್ಮ ಪುಣ್ಯ. ತೊಟ್ಟಿ ಖಾಲಿ ಮಾಡಲು ಕೈಯಿಟ್ಟೆ. ಜುಂ ಎಂದು ಭುಜದವರೆಗೆ ಹೊಡೆಯಿತು. ನೆಲ ಒದ್ದೆ, ಅರ್ತಿಂಗ್ ಪಿನ್ನಿಲ್ಲ, ಇನ್ನೇನಾಗುತ್ತೆ? ನನ್ನ ಗಂಡ ಬಾಗಿಲಲ್ಲೇ ಇದ್ದ, ಓಡಿಹೋಗಿ ಮೇನ್ ಆಫ್ ಮಾಡಿದ. ಮಳವಳ್ಳಿಯಿಂದ ವೈರಿಂಗಿನವರನ್ನು ಕರೆಸಿ ಹೊಸ ಪ್ಲಗ್ಗು, ಅರ್ತಿಂಗ್ ಇರುವ ಪಾಯಿಂಟು ಹಾಕಿಸಿದೆ. ಗೋಣಿತಾಟೆಲ್ಲ ಕಿತ್ತು ತಿಪ್ಪೆಗೆ ಎಸೆದೆವು. ನೆಲ ಒರೆಸಿ, ಯಂತ್ರವನ್ನು ಗೋಡೆಯಿಂದ ಸರಿಸಿ, ಜಾಲರಿಯ ಧೂಳು ತೊಳೆದು, ಕಿಟಕಿ ಮುಚ್ಚಿ ಓಡಿಸಿದೆ. ಹುಳಕ್ಕೆ ಉಸಿರು ಕಟ್ಟದಿರಲೆಂದು ಆಗಾಗ ಮೇಲಿನ ಗವಾಕ್ಷಿ ತೆಗೆದೆ. ಸಂಜೆಯೊಳಗೆ ಹುಳು ನೂಲು ಬಿಡತೊಡಗಿತು. ಅಲ್ಲೇ ನಿಂತು ಅತ್ತುಬಿಟ್ಟೆ.

ಗೂಡು ಬಿಡಿಸಿದ ದಿನ ಭಾವ ಒಂದನ್ನು ಎತ್ತಿ ಒತ್ತಿ ನೋಡಿದರು. ಗಟ್ಟಿಯಾಗಿತ್ತು. ಅಕ್ಕಪಕ್ಕದವರೆಲ್ಲ ನೆರೆದಿದ್ದರು.

"ನೋಡುದ್ರೇನ್ಲಾ ನನ್ ಮಿಷನ್ನಾ! ಕಬ್ಬೂ ಬ್ಯಾಡ ಏನೂ ಬ್ಯಾಡ, ಇಪ್ನೇರ್ಳೆನೇ ಇರ್ಲಿ."

ನಾನು ಗಂಡನ ಮುಖ ನೋಡಿದೆ. ನನಗೆ ಕರೆಂಟು ಹೊಡೆದದ್ದನ್ನು ಕಂಡವನು, ನನ್ನ ಜೊತೆ ಗೋಣಿತಾಟು ಕಿತ್ತವನು.

"ಊಂ ಕಣಣ್ಣ, ನೀನಿಲ್ದಿದ್ರೆ ಈ ಸಲಾನೂ ಓಗಿರೋದು" ಎಂದ.

ಹಿಪ್ಪುನೇರಳೆ ಉಳಿಯಿತು, ಹುಳುಮನೆ ಉಳಿಯಿತು. ಭಾವನನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ, ಅದೀಗ ಅಭ್ಯಾಸವಾಗಿಹೋಗಿದೆ. ಗಂಡನ ಮೇಲೆ ಅದು ಹುಟ್ಟಿದ್ದು ಅವತ್ತು. ರಾತ್ರಿ ಅವನಿಗೆ ಎಂದಿನಂತೆ ಊಟಕ್ಕೆ ಬಡಿಸಿದೆ. ಸಾರು ಚೆನ್ನಾಗಿದೆ ಎಂದ.