ವ್ಯಾನಿನ ಗೋಡೆಗೆ ಕಂಬಳಿ

ಕೊರೊನಾ ಬಂದು ಹೋದ ಮೇಲೆ ನಮ್ಮ ಮನೆಯವರಿಗೆ ವಾಸನೆಯೇ ತಿಳಿಯದಾಯಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ಮೂಗು ಮಾತ್ರ ಸತ್ತೇ ಹೋಯಿತು. ಒಂದು ದಿನ ಗಾಳಿಗೆ ಒಲೆ ಆರಿ, ಅಡುಗೆಮನೆಯೆಲ್ಲ ಗ್ಯಾಸು ನಾರುತ್ತಿದ್ದರೆ, ಇವರು ಅಲ್ಲೇ ನಿಂತು ಬೀಡಿಗೆ ಕಡ್ಡಿ ಗೀರಲು ಹೊರಟಿದ್ದರು. ಹಿತ್ತಲಿನಿಂದ ಓಡಿಬಂದು ಕೈಗೆ ಹೊಡೆದೆ. ಅವತ್ತಿನಿಂದ ಎಲ್ಲದಕ್ಕೂ ನನ್ನನ್ನೇ ಕೇಳತೊಡಗಿದರು. ‘ಏನಾರ ವಾಸ್ನೆ ಬರ್ತೈತಾ ನೋಡೇ’ ಅನ್ನುವರು. ನಾನು ಇಲ್ಲ ಅಂದರೆ ಮುಗಿಯಿತು, ಮತ್ತೆ ಕೇಳಿದವರಲ್ಲ. ಅವರ ಜೀವ ನನ್ನ ಒಂದು ಮಾತಿನ ಮೇಲೆ ನಿಂತಿತ್ತು ಅಂತ ಈಗ ಹೇಳಬಲ್ಲೆ. ಆಗ ಅದು ದಿನದ ರೂಢಿಯಾಗಿತ್ತು, ಅಷ್ಟೆ.

ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯ. ನಿವೃತ್ತಿಯಾದ ಮೇಲಾದರೂ ಮನೆಯಲ್ಲಿ ಕೂರುತ್ತಾರೆ ಅಂದುಕೊಂಡಿದ್ದೆ. ಎಲ್ಲಿಂದ! ಮದುವೆ ಬಾಡಿಗೆಗೆ ಓಡಿ ಸವೆದ ಒಂದು ಹಳೇ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದರು. ಸೀಟು ಕಿತ್ತು ಮಂಚ ಹಾಕಿಸಬೇಕಂತೆ, ಒಲೆ ಇಡಬೇಕಂತೆ, ಮೇಲೆ ಸೋಲಾರ್ ಹಲಗೆ, ಒಳಗೆ ಫ್ಯಾನು, ಲೈಟು. ಜೀವಮಾನವೆಲ್ಲ ಬೇರೆಯವರು ಕೈ ಅಡ್ಡ ಹಿಡಿದ ಕಡೆ ನಿಲ್ಲಿಸಿದ್ದಾಯಿತು, ಇನ್ನು ತಮಗೆ ಬೇಕಾದ ಕಡೆ ನಿಲ್ಲಿಸುತ್ತಾರಂತೆ. ಇದ್ದ ಮನೆ ಬಿಟ್ಟು ಬೀದಿಯಲ್ಲಿ ಮಲಗೋ ಕರ್ಮ ನಮಗ್ಯಾಕೆ ಅಂತ ಬೈದೆ. ಬೈಯುತ್ತಲೇ ಯಾವ ಪಾತ್ರೆ ಒಯ್ಯಬೇಕು ಅಂತ ಮನಸ್ಸಿನಲ್ಲಿ ಎತ್ತಿಡುತ್ತಿದ್ದೆ.

ಚಳ್ಳಕೆರೆಯಲ್ಲಿ ಇವರ ಹಳೇ ಸ್ನೇಹಿತರೊಬ್ಬರ ಗಾಡಿ ರಿಪೇರಿ ಶೆಡ್ಡಿದೆ. ಸಾಬರು, ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ನಮ್ಮದೇ ಕನ್ನಡ. ನನ್ನನ್ನು ಅಕ್ಕ ಅನ್ನುತ್ತಾರೆ. ನಮ್ಮ ಕಡೆ ಬಿಸಿಲಿಗೆ ವ್ಯಾನಿನ ತಗಡು ಕೆಂಡವಾಗುತ್ತದೆ, ಅದಕ್ಕೂ ಒಳಗಿನ ಪ್ಲೈವುಡ್ಡಿಗೂ ನಡುವೆ ಬೆಳ್ಳಿ ಬಣ್ಣದ ಶೀಟು ಹಾಕೋಣ ಅಂದರು ಅವರು. ನಾನು ಸುಮ್ಮನಿರಬೇಕಿತ್ತು. ನನ್ನದು ಕಂಬಳಿ ನೇಯುವ ಮನೆ. ಹುಟ್ಟಿದ್ದು, ಬೆಳೆದದ್ದು, ಹೊದ್ದದ್ದು ಎಲ್ಲ ಕಂಬಳಿಯೇ. ಚಳಿಯನ್ನೂ ತಡೆಯುತ್ತದೆ, ಬಿಸಿಲನ್ನೂ ತಡೆಯುತ್ತದೆ, ನಿಮ್ಮ ಪ್ಲಾಸ್ಟಿಕ್ಕು ಯಾವ ಲೆಕ್ಕ ಅಂದೆ. ಅಣ್ಣನ ಮನೆಯಿಂದ ಹನ್ನೆರಡು ಕಂಬಳಿ ತರಿಸಿದೆ. ಗೋಡೆಗೆ ನೆಟ್ಟಗೆ ನಿಲ್ಲಲಿ, ಜೋಲಬಾರದು ಅಂತ ನನ್ನ ಕೈಯಾರೆ ಹುಣಸೆಬೀಜ ಅರೆದು ಗಂಜಿ ಕಾಯಿಸಿ ಎರಡೆರಡು ಸಲ ಬಳಿದೆ. ನಮ್ಮಲ್ಲಿ ಮಗ್ಗದಿಂದ ಇಳಿದ ಕಂಬಳಿಗೆ ಹಾಗೇ ಮಾಡುತ್ತಾರೆ. ಒಣಗಿದ ಮೇಲೆ ಹಲಗೆಯಾಗಿ ನಿಂತವು.

ಸಾಬರು ಒಂದನ್ನು ಮೂಸಿ ನೋಡಿದರು. ‘ಅಕ್ಕಾ, ಈ ಗಂಜಿ ಇಲಿಗೆ ಹಬ್ಬದೂಟ ಆಯ್ತದೆ. ಒಳಗೆ ವೈರ್ ಬೇರೆ ಐತೆ’ ಅಂದರು.

ನನಗೆ ಕೋಪ ಬರಲು ಹೊತ್ತು ಬೇಕಿಲ್ಲ. ನಮ್ಮ ಮನೆಯಲ್ಲಿ ನೂರಾರು ಕಂಬಳಿ ಇರುತ್ತಿದ್ದವು, ಯಾವ ಇಲಿ ಬಂದು ಊಟ ಮಾಡಿತ್ತು ಅಂತ ಕೇಳಿದೆ. ಅವ್ವ ಅವನ್ನು ಹಗ್ಗದ ಮೇಲೆ ಹರವಿ, ವಾರಕ್ಕೊಮ್ಮೆ ಬಿಸಿಲಿಗೆ ಹಾಕಿ ಕೋಲಿನಲ್ಲಿ ಬಡಿಯುತ್ತಿದ್ದಳು, ಒಂದು ದಿನವೂ ಮುಚ್ಚಿಟ್ಟವಳಲ್ಲ ಎಂಬುದು ನೆನಪಿಗೇ ಬರಲಿಲ್ಲ. ಇವರು ಇಬ್ಬರ ಮುಖವನ್ನೂ ನೋಡಿ, ‘ಅವಳು ಹೇಳ್ದಂಗೇ ಆಗ್ಲಿ ಬಿಡಪ್ಪಾ’ ಅಂದರು. ಕಂಬಳಿ ಹಾಸಿ, ಮೇಲೆ ಪ್ಲೈವುಡ್ ಬಡಿದು ಮುಚ್ಚಿದರು.

ನಮ್ಮ ಬೀದಿಯ ಕೊನೆಗೆ ಮುಚ್ಚಿದ ಶೇಂಗಾ ಎಣ್ಣೆ ಮಿಲ್ಲಿನ ಗೋದಾಮಿದೆ. ಅದರ ನೆರಳಿನಲ್ಲಿ ವ್ಯಾನು ನಿಲ್ಲುತ್ತಿತ್ತು. ಶೇಂಗಾ ಇದ್ದ ಕಡೆ ಇಲಿ ಇರದೆ ಇನ್ನೇನಿರುತ್ತದೆ!

ಮೊದಲ ಸಲ ಪರಶುರಾಂಪುರದ ಕಡೆ ಹೋಗಿಬಂದೆವು. ಹೊಲದ ಬದಿ ನಿಲ್ಲಿಸಿ ಚಹಾ ಕಾಯಿಸಿಕೊಂಡು ಕುಡಿದಾಗ ಇಷ್ಟು ಸುಖ ಇಷ್ಟು ದಿನ ಎಲ್ಲಿತ್ತು ಅನ್ನಿಸಿತು. ಎರಡನೇ ಸಲ ಕುದಾಪುರದ ಹುಲ್ಲುಗಾವಲಿನ ಅಂಚಿಗೆ ಹೋದಾಗ ತಲೆಯ ಹತ್ತಿರ, ಹಲಗೆಯ ಹಿಂದೆ ಕರಕರ ಸದ್ದು ಕೇಳಿತು. ಗಾಳಿ ಇರಬೇಕು ಅಂದರು ಇವರು. ಹಾಸಿಗೆ ಕೊಡವಿದರೆ ಕರಿ ಉಣ್ಣೆಯ ನವಿರು ಉದುರಿತು. ಆಮೇಲೆ ಫ್ಯೂಸು ಹೋಗತೊಡಗಿತು. ಮೂರು ಸಲ ಹೊಸದು ಹಾಕಿ, ನಾಲ್ಕನೇ ಸಲ ಬೇಸರಪಟ್ಟು ಇವರು ಅಲ್ಲೊಂದು ದಪ್ಪ ತಾಮ್ರದ ತಂತಿ ಸುತ್ತಿಬಿಟ್ಟರು. ಈಗ ಹೋಗಲಿ ನೋಡೋಣ ಅಂತ ನಕ್ಕರು. ಫ್ಯೂಸು ಮತ್ತೆ ಹೋಗಲಿಲ್ಲ.

ವಾಸನೆ ಶುರುವಾದದ್ದು ಆಮೇಲೆ. ಫ್ಯಾನು ತಿರುಗುವಾಗ ಮಾತ್ರ, ಎಲ್ಲೋ ದೂರದಲ್ಲಿ ಕೂದಲು ಸುಟ್ಟ ಹಾಗೆ. ಬಿಸಿಲಿಗೆ ಕಾದ ಉಣ್ಣೆ, ಅದರ ವಾಸನೆಯೇ ಹಾಗೆ ಅಂತ ನನಗೆ ನಾನೇ ಹೇಳಿಕೊಂಡೆ. ಇಲಿ ಅಂದರೆ ಸಾಬರು ಗೆದ್ದ ಹಾಗಾಗುತ್ತಿತ್ತಲ್ಲ.

ಮೊಳಕಾಲ್ಮೂರಿಗೆ ಹೊರಟ ದಿನ ಬೆಳಿಗ್ಗೆ ಸಾಬರ ಫೋನು ಬಂತು. ಸದ್ದಿನ ವಿಷಯ ಇವರೇ ಹೇಳಿದ್ದರಂತೆ. ಇವತ್ತು ಹೋಗಬೇಡಿ, ಶೆಡ್ಡಿಗೆ ತನ್ನಿ, ಹಲಗೆ ಬಿಚ್ಚಿ ಕಂಬಳಿ ತೆಗೆದು ನೋಡೋಣ ಅಂದರು. ಇವರು ಒಪ್ಪಿಬಿಟ್ಟಿದ್ದರು. ನನ್ನ ಬೆನ್ನ ಹಿಂದೆ ನನ್ನ ಕಂಬಳಿಯ ಮಾತಾಡುತ್ತೀರಾ, ಅವು ಆಚೆ ಬಂದರೆ ನಾನು ಈ ಗಾಡಿ ಹತ್ತುವವಳಲ್ಲ ಅಂತ ರಸ್ತೆಗೆ ಕೇಳುವ ಹಾಗೆ ಕೂಗಾಡಿದೆ. ಇವರು ಗಾಡಿ ತಿರುಗಿಸಿ ಮೊಳಕಾಲ್ಮೂರಿನ ದಾರಿ ಹಿಡಿದರು.

ಮಧ್ಯಾಹ್ನಕ್ಕೆ ಸಿದ್ದಾಪುರದ ಬಂಡೆಗಳ ಹತ್ತಿರ ಒಂದು ಬೇವಿನ ನೆರಳಿಗೆ ನಿಲ್ಲಿಸಿದರು. ಉಂಡರು. ಬಿಸಿಲು ಕಣ್ಣು ಬಿಡಲಾಗದ ಹಾಗಿತ್ತು. ಅರ್ಧ ಗಂಟೆ ಮಲಗುತ್ತೇನೆ ಅಂತ ಫ್ಯಾನು ಹಾಕಿಕೊಂಡು, ರೂಢಿಯಂತೆ ಕೇಳಿದರು. ಜಗಳವಾಡಿದ್ದು ಮರೆತೇ ಹೋಗಿದೆ ಎನ್ನುವ ದನಿಯಲ್ಲಿ ಕೇಳಿದರು.

‘ಏನಾರ ವಾಸ್ನೆ ಐತೇನೇ?’

ಇತ್ತು. ಆವತ್ತು ದೂರದಲ್ಲಿರಲಿಲ್ಲ, ಮೂಗಿಗೆ ಹತ್ತಿರವೇ ಇತ್ತು, ಗಂಟಲು ಕೆರೆಯುತ್ತಿತ್ತು. ಹೌದು ಅಂದರೆ ಈಗಲೇ ಗಾಡಿ ತಿರುಗುತ್ತದೆ, ಸಂಜೆಗೆ ಶೆಡ್ಡಿನಲ್ಲಿ ಸಾಬರ ಮುಂದೆ ನನ್ನ ಕಂಬಳಿ ನೆಲಕ್ಕೆ ಬೀಳುತ್ತವೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

‘ಏನೂ ಇಲ್ಲ, ಮಲ್ಕಳ್ರಿ’ ಅಂದೆ.

ಕೋತಿ ಕಾಟ ಅಂತ ಒಳಗಿನಿಂದ ಚಿಲಕ ಹಾಕಿಕೊಂಡರು. ನಾನು ಬಿಂದಿಗೆ ಎತ್ತಿಕೊಂಡು ನೀರಿಗೆ ಅಂತ ಊರ ಕಡೆ ನಡೆದೆ. ಹಿಂದಕ್ಕೆ ಹೋಗಿ ಹೇಳಿಬಿಡಲೇ ಅಂತ ಎರಡು ಸಲ ನಿಂತೆ, ಎರಡು ಸಲವೂ ಮುಂದಕ್ಕೇ ಹೋದೆ. ನಲ್ಲಿಗೆ ಬಿಂದಿಗೆ ಹಿಡಿದಾಗ ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕ ನನ್ನ ಹಿಂದಕ್ಕೆ ಕೈ ತೋರಿಸಿದ. ‘ಬಂಡೀಲೋ ಪೊಗ ವಸ್ತಾಂದಮ್ಮಾ’, ಗಾಡಿಯಲ್ಲಿ ಹೊಗೆ ಬರುತ್ತಿದೆ ಅಂತ ತೆಲುಗಿನಲ್ಲಿ ಅಂದ. ತಿರುಗಿ ನೋಡಿದರೆ ವ್ಯಾನಿನ ಸಂದಿಗಳಿಂದ ಹಳದಿ ಹೊಗೆ ಏಳುತ್ತಿತ್ತು.

ಹೇಗೆ ಓಡಿದೆನೋ ತಿಳಿಯದು. ಬಾಗಿಲು ಬಡಿದೆ, ಕೂಗಿದೆ, ಒಳಗಿನಿಂದ ಉತ್ತರವಿಲ್ಲ. ಆ ಮುದುಕನೇ ಕಲ್ಲೆತ್ತಿ ಗಾಜು ಒಡೆದು, ಕೈ ಹಾಕಿ ಚಿಲಕ ತೆಗೆದ. ಬೆಂಕಿ ಇರಲಿಲ್ಲ, ಉಣ್ಣೆ ಒಳಗೊಳಗೇ ಕನಲುತ್ತಿತ್ತು, ಬರೀ ಹೊಗೆ. ಇಬ್ಬರೂ ಸೇರಿ ಕಾಲು ಹಿಡಿದು ಎಳೆದೆವು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಬೇವಿನ ಬುಡದಲ್ಲಿ ಬಿದ್ದು ಕೆಮ್ಮಿದಾಗ ನಾನು ಆ ಕೆಮ್ಮಿಗೇ ಕೈ ಮುಗಿದೆ.

ಆರು ದಿನ ಆಸ್ಪತ್ರೆ. ಅಷ್ಟರಲ್ಲಿ ಸಾಬರು ಹಲಗೆ ಬಿಚ್ಚಿದ್ದರು. ಗಂಜಿಯನ್ನು ಇಲಿಗಳು ಸ್ವಚ್ಛವಾಗಿ ತಿಂದಿದ್ದವು, ಕಂಬಳಿ ಕತ್ತರಿಸಿ ಗೂಡು ಮಾಡಿದ್ದವು, ವೈರಿನ ಸಿಪ್ಪೆ ಕಡಿದಿದ್ದವು, ಫ್ಯೂಸಿಲ್ಲದ ಆ ಬರೀ ವೈರು ಕಾದು ಉಣ್ಣೆಯನ್ನು ಸುಟ್ಟಿತ್ತು. ನನಗೆ ಒಂದು ಮಾತು ಅನ್ನಲಿಲ್ಲ ಪುಣ್ಯಾತ್ಮ. ಕಂಬಳಿ ಇದ್ದದ್ದಕ್ಕೆ ಉರಿ ಹತ್ತಲಿಲ್ಲ ಅಕ್ಕಾ ಅಂತ ನನಗೇ ಸಮಾಧಾನ ಹೇಳಿದರು.

ಇವರಂತೂ ನೋಡಲು ಬಂದವರಿಗೆಲ್ಲ ಒಂದೇ ಕತೆ: ಇವಳ ಮೂಗು ಅಂದ್ರೆ ಮೂಗು, ಅಷ್ಟು ದೂರದಿಂದ ವಾಸನೆ ಹಿಡಿದು ಓಡಿಬಂದಳು, ಇಲ್ಲದಿದ್ದರೆ ನಾನು ಇವತ್ತು ಫೋಟೋದಲ್ಲಿರುತ್ತಿದ್ದೆ. ಬಂದವರು ನನ್ನನ್ನು ಹೊಗಳುತ್ತಿದ್ದರು. ಐದು ದಿನ ಸಹಿಸಿದೆ. ಆರನೇ ದಿನ ಬಟ್ಟೆ ಗಂಟು ಕಟ್ಟುತ್ತ, ಅವರ ಮುಖ ನೋಡದೆ ಹೇಳಿದೆ.

‘ನೀವು ಕೇಳಿದಾಗ್ಲೇ ವಾಸ್ನೆ ಬರ್ತಿತ್ತು ಕಣ್ರಿ.’

ಅವರು ಮಂಚದಿಂದ ಕಾಲು ಇಳಿಬಿಟ್ಟರು. ಆಮೇಲೆ ಚಪ್ಪಲಿ ಎಲ್ಲಿ ಅಂತ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಕಾಲು ಹಿಡಿದು ಅತ್ತುಬಿಡುತ್ತಿದ್ದೆ.

ಇದಾಗಿ ವರ್ಷವಾಯಿತು. ಈಗಲೂ ಜೊತೆಗೇ ಉಣ್ಣುತ್ತೇವೆ, ಜೊತೆಗೇ ಟಿ.ವಿ. ನೋಡುತ್ತೇವೆ, ಎಂದಿನಂತೆ ನನ್ನನ್ನು ರೇಗಿಸುತ್ತಾರೆ. ನಿನ್ನೆ ಹಾಲು ಕೆಟ್ಟಿರಬಹುದು ಅಂತ ಅನುಮಾನ ಬಂತು ಅವರಿಗೆ. ನಾನು ಒಲೆಯ ಮುಂದೆಯೇ ನಿಂತಿದ್ದೆ. ಪಾತ್ರೆ ಎತ್ತಿಕೊಂಡು ನನ್ನ ಪಕ್ಕದಿಂದಲೇ ಹಾದು, ಮೂಸಿ ನೋಡಿಸಿಕೊಂಡು ಬರಲು ಪಕ್ಕದ ಮನೆಗೆ ಹೋದರು.